ಅತ್ತೆಯ ರಕ್ತದಲ್ಲಿ ಆರದ ಉರಿ

ನಾದಿನಿ ಭದ್ರಾವತಿಯಿಂದ ಬರುವಾಗ ಒಂದು ಕೈಯಲ್ಲಿ ಊಟದ ಕ್ಯಾರಿಯರ್, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದು ಬಂದಳು. ತವರಿಗೆ ಬರುವ ಮಗಳು ಹೂವೋ ಹಣ್ಣೋ ತರುತ್ತಾಳೆ. ನೀರು ತಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಾಲ್‌ನಲ್ಲಿ ಕುಳಿತು, ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿ ಅವಳ ಅಮ್ಮನಿಗೆ, ಅಂದರೆ ನನ್ನ ಅತ್ತೆಗೆ, ಕುಡಿಸಿದಳು.

"ಯಾಕೆ, ನಮ್ಮನೇಲಿ ನೀರಿಲ್ವಾ?" ಎಂದೆ.

"ಇದೆ ಅತ್ತಿಗೆ. ಇರೋದಕ್ಕೇ ತಂದೆ," ಎಂದಳು.

ಅತ್ತೆ ಲೋಟ ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡುವಷ್ಟು ಶಕ್ತಿ ಇರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಕ್ಯಾರಿಯರ್ ಮುಚ್ಚಳ ತೆಗೆಯಲು ಅವರಿಗೆ ಶಕ್ತಿ ಇತ್ತು.

ಮಳೆಗಾಲ ಹಿಡಿದಾಗ ಶುರುವಾದದ್ದು ಅದು. ಮೊದಲು ಹೊಟ್ಟೆ ನುಲಿತ, ಆಮೇಲೆ ಆಮಶಂಕೆ, ಆಮೇಲೆ ಜ್ವರ, ಕೊನೆಗೆ ರಕ್ತ. ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯಲ್ಲಿ ಹಿತ್ತಲ ಬಾಗಿಲಿನಿಂದ ಬಚ್ಚಲಿಗೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಗೂ ಅತ್ತೆ ಗೋಡೆ ಹಿಡಿಯಬೇಕಾಯಿತು. ಗಟ್ಟಿ ಜೀವ ಅವರದು. ಅರಿಶಿನ ಕುಟ್ಟುವುದರಿಂದ ಹಿಡಿದು ಬಾವಿಯಲ್ಲಿ ನೀರು ಸೇದುವವರೆಗೆ ಒಲೆಯೊಂದನ್ನು ಬಿಟ್ಟರೆ ಬೇರಾವುದನ್ನೂ ನನ್ನ ಕೈಗೆ ಕೊಟ್ಟವರಲ್ಲ. ಅಂಥವರ ಬಳೆ ಮೊಣಕೈವರೆಗೆ ಜಾರತೊಡಗಿತು.

ಡಾಕ್ಟ್ರಮ್ಮ ನಮ್ಮ ಬೀದಿಗೆ ಹತ್ತಿರದವರೇ. ಅವರ ಕ್ಲಿನಿಕ್ಕಿಗೆ ಅಂಟಿಕೊಂಡೇ ಲ್ಯಾಬ್ ಇತ್ತು. ದೇವರು ಕೊಟ್ಟ ಅನುಕೂಲಗಳನ್ನು ಎಣಿಸುವ ಅಭ್ಯಾಸ ನನಗೆ. ಮೆಟ್ಟಿಲು ಹತ್ತಬೇಕಿಲ್ಲದ ಕ್ಲಿನಿಕ್ ಸಿಕ್ಕಿದ್ದನ್ನು ಅವತ್ತು ಎಣಿಸಿದೆ. ಆದರೆ ಲ್ಯಾಬನ್ನು ನಂಬಲಿಲ್ಲ. ಅಲ್ಲಿ ಒಂದೇ ಥರದ ಹತ್ತಾರು ಸೀಸೆಗಳು ಸಾಲಾಗಿ ನಿಂತಿದ್ದವು. ನಮ್ಮ ಅತ್ತೆಯ ರಕ್ತ ಇನ್ಯಾರದೋ ಹೆಸರಿಗೆ ಹೋದರೆ? ಕುರ್ಚಿಯಲ್ಲಿ ಕೂರದೆ ಕಿಟಕಿಗೆ ಆತು ನಿಂತೆ.

"ಒಳಗೆ ಬಂದೇ ನೋಡಿ ಅಮ್ಮ, ಕತ್ತು ನೋಯುತ್ತೆ," ಎಂದು ಲ್ಯಾಬಿನಾಕೆ ನಕ್ಕು ಕರೆದಳು.

ಹೋದೆ. ಕಪ್ಪು ಗಾಜಿನ ಹಲಗೆಯ ಮೇಲೆ ಅವಳು ಒಂದು ಹನಿ ಹಳದಿ ನೀರು ಬಿಟ್ಟಳು. ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ತಿಳಿ ಅದು. ಅದಕ್ಕೆ ಹಾಲಿನಂಥ ಬಿಳಿ ಔಷಧಿಯ ಒಂದು ಹನಿ ಸೇರಿಸಿ, ಕಡ್ಡಿಯಿಂದ ಕಲಸಿ, ಹಲಗೆಯನ್ನು ಮೊರ ಆಡಿಸಿದ ಹಾಗೆ ಆಚೀಚೆ ಆಡಿಸಿದಳು. ನೋಡನೋಡುತ್ತಿದ್ದ ಹಾಗೆ ಬಿಳುಪು ಒಡೆದು ಕಾಳುಕಾಳಾಯಿತು. ನಿಂಬೆಹುಳಿ ಬಿದ್ದ ಹಾಲು ಹಾಗೇ ಒಡೆಯುವುದು. ತಿಳಿಯನ್ನು ಉಪ್ಪುನೀರಿನಲ್ಲಿ ತೆಳು ಮಾಡಿ ಮತ್ತೆ ನೋಡಿದಳು, ಇನ್ನೂ ತೆಳು ಮಾಡಿ ಮತ್ತೆ. ಆಗಲೂ ಒಡೆಯಿತು.

"ಸಿಆರ್‌ಪಿ ಜೋರಾಗೇ ಇದೆ," ಎಂದಳು.

ಪಕ್ಕದ ಸ್ಟ್ಯಾಂಡಿನಲ್ಲಿ ಸಪೂರ ಗಾಜಿನ ಕೊಳವೆಯೊಂದು ನೆಟ್ಟಗೆ ನಿಂತಿತ್ತು. ಅದರೊಳಗೆ ಅತ್ತೆಯ ರಕ್ತದ ಕೆಂಪು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಗಂಟೆಯಲ್ಲಿ ಎಷ್ಟು ಇಳಿಯುತ್ತದೆ ಎಂಬುದೇ ಇಎಸ್‌ಆರ್ ಅಂತೆ. ಅದೂ ಹೆಚ್ಚೇ ಬಂತು.

ಇದರ ಅರ್ಥವನ್ನು ಡಾಕ್ಟ್ರಮ್ಮ ನನಗೆ ತಿಳಿಯುವ ಹಾಗೆ ಹೇಳಿದರು. "ಮೈಯೊಳಗೆ ಎಲ್ಲೋ ಬೆಂಕಿ ಬಿದ್ದಿದೆ ಅಂತ ಇವು ಹೇಳ್ತವೆ ಅಮ್ಮ. ಹಚ್ಚಿದ್ದು ಯಾರು ಅಂತ ಹೇಳಲ್ಲ. ಸಿಆರ್‌ಪಿ ಬೇಗ ಏಳುತ್ತೆ, ಬೇಗ ಇಳಿಯುತ್ತೆ. ಇಎಸ್‌ಆರ್ ನಿಮ್ಮತ್ತೆ ಥರ. ಏಳೋಕೂ ನಿಧಾನ, ಕೂರೋಕೂ ನಿಧಾನ."

"ಯಾರು ಅಂತ ಗೊತ್ತಾಗೋದು ಹ್ಯಾಗೆ?"

"ಮಲ ಪರೀಕ್ಷೆ ಮಾಡಬೇಕು. ಬೆಳಗ್ಗೆ ಕಳಿಸಿಕೊಡಿ."

ಕಳಿಸಿದೆವು. ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಆಮಶಂಕೆ ತರುವ ಬ್ಯಾಕ್ಟೀರಿಯಾ ಬೆಳೆಯಿತು. ಅದೇ ಕಾಯಿಲೆ ತರಬಲ್ಲ ಇನ್ನೊಂದು ಜೀವಿ, ಅಮೀಬಾ, ಕಾಣಲಿಲ್ಲ. ಜಂತುಹುಳು ಇದ್ದರೆ ರಕ್ತದಲ್ಲಿ ಹೆಚ್ಚುವ ಒಂದು ಕಣವಿದೆಯಂತೆ, ಅದೂ ಹೆಚ್ಚಿರಲಿಲ್ಲ. ಮೊದಲ ದಿನ ಕೊಟ್ಟಿದ್ದ ಅಮೀಬಾ ಮಾತ್ರೆಯನ್ನು ಅತ್ತೆ ಎರಡನೇ ಹೊತ್ತಿಗೇ ಉಗುಳಿದ್ದರು. "ಬಾಯೆಲ್ಲ ಹಳೇ ಬೀಗ ನೆಕ್ಕಿದ ಹಾಗಾಗುತ್ತೆ ಕಣೇ. ಪ್ರಸಾದದ ರುಚೀನೇ ಗೊತ್ತಾಗಲ್ಲ." ವರದಿ ಹಾಗೆ ಬಂದದ್ದರಿಂದ ಡಾಕ್ಟ್ರಮ್ಮನೂ ಒತ್ತಾಯ ಮಾಡಲಿಲ್ಲ. ಬ್ಯಾಕ್ಟೀರಿಯಾಕ್ಕೆ ಇಂಜೆಕ್ಷನ್ ಕೊಟ್ಟರು. ಜ್ವರ ಬಿಟ್ಟಿತು, ಗಾಜಿನ ಹಲಗೆಯ ಮೇಲೆ ಹಾಲು ಒಡೆಯುವುದೂ ಕಡಿಮೆಯಾಯಿತು. ಮನೆಗೆ ಬಂದು ಶಿವನಿಗೆ ತುಪ್ಪದ ದೀಪ ಹಚ್ಚಿದೆ.

ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ನಾದಿನಿ ಅತ್ತೆಯನ್ನು ಭದ್ರಾವತಿಗೆ ಕರೆದೊಯ್ದಳು. ಅವಳ ಗಂಡನಿಗೆ ಅಲ್ಲಿ ಕಾರ್ಖಾನೆಯಲ್ಲಿ ಕೆಲಸ, ಇರುವುದು ಕ್ವಾರ್ಟರ್ಸ್‌ನಲ್ಲಿ. ಅಲ್ಲಿ ಅತ್ತೆ ಅನ್ನ ತಿಂದರು, ಮುದ್ದೆ ತಿಂದರು, ಪಕ್ಕದ ಮನೆಯ ತಮಿಳು ಹೆಂಗಸು ಮಾಡಿದ ಇಡ್ಲಿಯನ್ನೂ ತಿಂದರು. ಅಲ್ಲಿಯ ಲ್ಯಾಬಿನಲ್ಲಿ ನೋಡಿಸಿದರೆ ಸಿಆರ್‌ಪಿ ಇಲ್ಲವೇ ಇಲ್ಲ. ನಾದಿನಿ ಫೋನಿನಲ್ಲಿ ಹೇಳಿದಾಗ ನನಗೆ ಖುಷಿಯೇ ಆಯಿತು. ಅವಳ ದನಿಯಲ್ಲಿದ್ದ ಇನ್ನೊಂದು ಅರ್ಥ ಆಗ ಕೇಳಿಸಲಿಲ್ಲ.

ಅತ್ತೆ ವಾಪಸು ಬಂದರು. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಜ್ವರ, ಮತ್ತೆ ರಕ್ತ. ಕಪ್ಪು ಹಲಗೆಯ ಮೇಲೆ ಮತ್ತೆ ಹಾಲು ಒಡೆಯಿತು.

ನಾದಿನಿ ಕ್ಯಾರಿಯರ್ ಮತ್ತು ಬಾಟಲಿ ಹಿಡಿದು ಬಂದದ್ದು ಆವಾಗಲೇ.

ನನಗೂ ಅನುಮಾನ ಬಾರದೆ ಇರಲಿಲ್ಲ. ಮೊದಲು ಭದ್ರಾವತಿಯ ಲ್ಯಾಬಿನ ಮೇಲೆ ಬಂತು. ಇಲ್ಲಿ ಒಡೆಯುವ ಹಾಲು ಅಲ್ಲಿ ಒಡೆಯುವುದಿಲ್ಲ ಎಂದರೆ ಅವರ ಔಷಧಿ ಹಳೆಯದಿರಬೇಕು. ಆಮೇಲೆ ನಮ್ಮ ಹಾಲಿನವನ ಮೇಲೆ. ಒಂದು ದಿನ ಅವನೆದುರೇ ಹಾಲು ಕಾಯಿಸಿ ನೋಡಿದೆ. "ಏನಕ್ಕಾ, ಪೊಲೀಸ್ ಆಗಿಬಿಟ್ರಾ?" ಎಂದ. ತರಕಾರಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿದೆ. ಒರೆಸುವ ಬಟ್ಟೆಗಳನ್ನು ಕುದಿಸಿದೆ. ಹಿಂದಿನ ಸೈಟಿನಲ್ಲಿ ಹೊಸ ಮನೆ ಎದ್ದಿತ್ತು. ಅದರ ಧೂಳಿನ ಮೇಲೂ ಅನುಮಾನಪಟ್ಟು ಅಡುಗೆಮನೆಯ ಕಿಟಕಿ ಮುಚ್ಚಿದೆ. ಕುಡಿಯುವ ನೀರಿನ ಬಗ್ಗೆ ಮಾತ್ರ ಅನುಮಾನವಿರಲಿಲ್ಲ. ನಲ್ಲಿ ನೀರನ್ನು ಗುಳ್ಳೆ ಎದ್ದು ಕುದಿಯುವವರೆಗೆ ಕಾಯಿಸಿ, ಆರಿಸಿ, ಸೋಸಿ ಇಡುತ್ತಿದ್ದವಳು ನಾನೇ.

ಅತ್ತೆಗೆ ಯಾರ ಮೇಲೆ ಅನುಮಾನ ಎಂಬುದು ಒಂದು ಮಧ್ಯಾಹ್ನ ತಿಳಿಯಿತು. ಗಂಜಿ ತಂದಿಟ್ಟೆ. ಚಮಚದಲ್ಲಿ ಕಲಕಿ, ಕಲಕಿ, ತಳ ನೋಡಿದರು.

"ಏನು ಹುಡುಕ್ತಿದೀರಿ ಅತ್ತೆ?"

"ಏನಿಲ್ಲಮ್ಮ. ಭದ್ರಾವತೀಲಿ ತಿಂದಿದ್ದು ಮೈಗೆ ಹತ್ತುತಿತ್ತು. ಇಲ್ಲಿ ಯಾಕೋ ಹತ್ತಲ್ಲ."

ಅಡುಗೆಮನೆಗೆ ಹೋಗಿ ಒಲೆ ಒರೆಸಿದೆ. ಮದುವೆಯಾಗಿ ಬಂದಾಗಿನಿಂದ ಆ ಒಲೆಯ ಮುಂದೆ ನಿಂತವಳು ನಾನು. ನಮ್ಮವರಿಗೆ ಹೇಳಿದರೆ, "ಅಮ್ಮಂಗೆ ಹುಷಾರಿಲ್ಲ, ಮನಸ್ಸಿಗೆ ಹಚ್ಕೋಬೇಡ ಮಾರಾಯ್ತಿ," ಎಂದರು. ಮನಸ್ಸಿಗೆ ಹಚ್ಚಿಕೊಳ್ಳದೆ ಇರಲು ಅದು ಇವರ ಆಫೀಸಿನ ವಿಷಯವಲ್ಲ.

ಅತ್ತೆ ಮೂರನೇ ಸಲ ಮಲಗಿದಾಗ ಡಾಕ್ಟ್ರಮ್ಮನ ಮುಖದಲ್ಲಿ ನಗು ಇರಲಿಲ್ಲ. "ಬರೋದು, ಹೋಗೋದು, ಮತ್ತೆ ಬರೋದು. ಇದು ಬರೀ ಸೋಂಕಲ್ಲ ಅನ್ನಿಸುತ್ತೆ. ಕರುಳೇ ತನ್ನ ಮೇಲೆ ತಾನು ಕೆಂಡ ಕಾರೋ ಕಾಯಿಲೆ ಒಂದಿದೆ. ಹಾಗಿದ್ರೆ ಸ್ಟೀರಾಯ್ಡ್ ಕೊಡಬೇಕಾಗುತ್ತೆ," ಎಂದರು.

ನಾದಿನಿಯೂ ಇದ್ದಳು. "ಕೊಟ್ಬಿಡಿ ಡಾಕ್ಟ್ರೇ. ಅಮ್ಮ ಕರಗಿ ಹೋಗ್ತಿದಾರೆ," ಎಂದಳು.

"ಕೊಡೋದು ಸುಲಭ. ಒಳಗೆ ಅಮೀಬಾ ಇದ್ದು ಸ್ಟೀರಾಯ್ಡ್ ಕೊಟ್ರೆ ಕರುಳು ತೂತಾಗಬಹುದು. ಆಮೇಲೆ ನನ್ನ ಕೈಲಿ ಏನೂ ಇರಲ್ಲ. ವರದಿಗಳಲ್ಲಿ ಅಮೀಬಾ ಇಲ್ಲ ಅಂತಿದೆ. ಆದ್ರೂ ನನಗ್ಯಾಕೋ ನಂಬಿಕೆ ಬರ್ತಿಲ್ಲ." ನನ್ನ ಕಡೆ ತಿರುಗಿದರು. "ಮಲದ ಡಬ್ಬಿ ಲ್ಯಾಬಿಗೆ ಎಷ್ಟು ಹೊತ್ತಿಗೆ ಬರುತ್ತೆ?"

"ಬೆಳಗ್ಗೇನೇ ಬರುತ್ತೆ."

"ಬೆಳಗ್ಗೆ ಅಂದ್ರೆ? ಅವರು ಬಚ್ಚಲಿಗೆ ಹೋಗಿ ಎಷ್ಟು ಹೊತ್ತಾದ ಮೇಲೆ?"

ನಮ್ಮ ಮನೆಯ ಕ್ರಮ ಹೇಳಿದೆ. ಅತ್ತೆ ಎದ್ದ ಕೂಡಲೇ ಬಚ್ಚಲಿಗೆ ಹೋಗುತ್ತಾರೆ. ಡಬ್ಬಿಯನ್ನು ಹಿತ್ತಲಿನ ಕಲ್ಲಿನ ಮೇಲೆ ಮುಚ್ಚಿಡುತ್ತೇವೆ. ಲಿಂಗಪೂಜೆ ಮುಗಿಯುವ ಮೊದಲು ಅಂಥದ್ದನ್ನು ಮುಟ್ಟಿ ಓಡಾಡುವ ಹಾಗಿಲ್ಲ. ಸ್ನಾನ, ಎಲ್ಲರ ಪೂಜೆ, ತಿಂಡಿ ಆದ ಮೇಲೆ ನಮ್ಮವರು ಆಫೀಸಿಗೆ ಹೋಗುತ್ತಾ ಲ್ಯಾಬಿನಲ್ಲಿ ಕೊಡುತ್ತಾರೆ.

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. "ಅಮ್ಮ, ಅಮೀಬಾ ಓಡಾಡ್ತಿದ್ರೆ ಗುರುತು ಸಿಗೋದು. ಬಿಸಿ ಆರಿದ್ರೆ ಅದು ಮುದುಡಿ ಸತ್ತುಹೋಗುತ್ತೆ. ನೀವು ಕಳಿಸಿದ ಡಬ್ಬೀಲಿ ಬ್ಯಾಕ್ಟೀರಿಯಾ ಬದುಕಿತ್ತು, ಸಿಕ್ತು. ಇನ್ನೊಂದು ಇದ್ದಿದ್ರೂ ನಮಗೆ ಕಾಣ್ತಿರಲಿಲ್ಲ. ಬಿಸಿ ಇರುವಾಗಲೇ ತನ್ನಿ. ಪೂಜೆ ಗೀಜೆ ಆಮೇಲೆ."

ಪೂಜೆ ಗೀಜೆ ಎಂದದ್ದು ನನಗೆ ಹಿಡಿಸಲಿಲ್ಲ. ಮಾತು ಮಾತ್ರ ಎದೆಗೆ ತಾಗಿತು.

ಮರುದಿನ ಸೋಮವಾರ. ಬೇರೆ ಯಾವ ವಾರವಾಗಿದ್ದರೂ ಇಷ್ಟು ಅಳುಕುತ್ತಿರಲಿಲ್ಲ. ಸೋಮವಾರ ಅತ್ತೆ ಉಪವಾಸ, ಮನೆಯಲ್ಲಿ ಬಿಲ್ವಾರ್ಚನೆ. ಬೆಳಗ್ಗೆ ಅತ್ತೆ ಬಚ್ಚಲಿನಿಂದ ಹೊರಬಂದದ್ದೇ ನಾನು ಡಬ್ಬಿಗೆ ಬಟ್ಟೆ ಸುತ್ತಿ ಕೈಗೆತ್ತಿಕೊಂಡೆ.

"ಏನೇ ಅದು? ಸ್ನಾನ ಇಲ್ಲ, ಪೂಜೆ ಇಲ್ಲ, ಅದನ್ನ ಹಿಡ್ಕೊಂಡು ಮುಂಬಾಗಿಲಲ್ಲಿ ಹೊರಟ್ಯಾ?"

"ಬಂದು ತಲೆ ಮೇಲೆ ನೀರು ಹಾಕ್ಕೋತೀನಿ ಅತ್ತೆ."

"ಸೋಮವಾರ ಕಣೇ!"

"ಶಿವನಿಗೆ ಗೊತ್ತು ಬಿಡಿ," ಎಂದು ಹೊರಬಿದ್ದೆ.

ಮೂಲೆಯಲ್ಲಿ ಆಟೋ ನಿಂತಿತ್ತು. ಆ ಹೊತ್ತಿನಲ್ಲಿ ಅಲ್ಲಿ ಆಟೋ ನಿಲ್ಲುವುದೇ ಇಲ್ಲ. ಅವತ್ತು ಎಣಿಸಿದ ಮೊದಲ ಕೃಪೆ ಅದು. ಡಬ್ಬಿ ಆರಬಾರದೆಂದು ಬಟ್ಟೆ ಸಮೇತ ಎರಡು ಕೈಯಲ್ಲಿ ಹಿಡಿದಿದ್ದೆ. "ಪ್ರಸಾದನಾ ಅಮ್ಮ? ಯಾವ ದೇವಸ್ಥಾನದ್ದು?" ಎಂದು ಡ್ರೈವರ್ ಭಕ್ತಿಯಿಂದ ಕೇಳಿದ. ಬೇಗ ನಡಿಯಪ್ಪ ಎಂದಷ್ಟೇ ಹೇಳಿದೆ.

ಲ್ಯಾಬಿನಾಕೆ ಕಾಯುತ್ತಿದ್ದಳು. ಗಾಜಿನ ಚೂರಿನ ಮೇಲೆ ಸವರಿ, ಉಪ್ಪುನೀರಿನ ಹನಿ ಬಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು, "ಬನ್ನಿ, ನೀವೇ ನೋಡಿ," ಎಂದಳು.

ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಒಂದು ತೆಳ್ಳಗಿನ ಲೋಳೆ ಚುಕ್ಕೆ ಕಂಡಿತು. ಅದು ಒಂದು ಕಡೆ ಬೆರಳಿನ ಹಾಗೆ ಚಾಚುತ್ತಿತ್ತು, ಆಮೇಲೆ ಮೈಯೆಲ್ಲ ಆ ಬೆರಳಿನೊಳಗೆ ಹರಿದು ಮುಂದಕ್ಕೆ ಸರಿಯುತ್ತಿತ್ತು. ಒಳಗೆ ಸಣ್ಣ ಕಾಳುಗಳಿದ್ದವು.

"ಆ ಕಾಳು ಏನು?"

"ನಿಮ್ಮತ್ತೆ ರಕ್ತದ ಕಣಗಳು. ತಿಂದು ಕೂತಿದೆ."

ಇಷ್ಟು ದಿನ ನನ್ನ ಗಂಜಿಯ ತಳದಲ್ಲಿ ಅತ್ತೆ ಹುಡುಕುತ್ತಿದ್ದದ್ದು ಇಲ್ಲಿ ಓಡಾಡಿಕೊಂಡಿತ್ತು.

ಸ್ಟೀರಾಯ್ಡ್ ಮಾತು ಅಲ್ಲಿಗೇ ನಿಂತಿತು. ಬ್ಯಾಕ್ಟೀರಿಯಾ, ಅಮೀಬಾ ಎರಡೂ ಕೂಡಿಕೊಂಡಿದ್ದವು ಎಂದು ಡಾಕ್ಟ್ರಮ್ಮ ನನಗೂ, ನನ್ನ ಹಿಂದೆಯೇ ಕ್ಲಿನಿಕ್ಕಿಗೆ ಬಂದಿದ್ದ ನಾದಿನಿಗೂ ವಿವರಿಸಿದರು. ಬ್ಯಾಕ್ಟೀರಿಯಾ ಹೊಕ್ಕಾಗ ಸಿಆರ್‌ಪಿ ಜಿಗಿಯುತ್ತಿತ್ತು, ಇಂಜೆಕ್ಷನ್ ಬಿದ್ದಾಗ ಇಳಿಯುತ್ತಿತ್ತು. ಅದರ ಏರಿಳಿತ ನೋಡುತ್ತಾ ಕುಳಿತವರಿಗೆ, ಕೆಳಗೆ ಸದ್ದಿಲ್ಲದೆ ಕುಳಿತ ಅಮೀಬಾ ಕಾಣಲೇ ಇಲ್ಲ. ಹೆಚ್ಚಿಲ್ಲವೆಂದು ಧೈರ್ಯ ಕೊಟ್ಟಿದ್ದ ಆ ರಕ್ತದ ಕಣ ಜಂತುಹುಳುವಿಗೆ ಹೆಚ್ಚುತ್ತದಂತೆ, ಅಮೀಬಾಕ್ಕಲ್ಲ.

"ಆದ್ರೆ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಒಳಗೆ ಬರ್ತಿರೋದು ಎಲ್ಲಿಂದ? ನೀರು ಕಾಯಿಸ್ತೀರಾ?" ಎಂದು ಕೇಳಿದರು.

"ಕಾಯಿಸ್ತೀನಿ."

"ಕಾಯಿಸ್ತಾರಂತೆ," ಎಂದಳು ನಾದಿನಿ, ಬಾಗಿಲ ಕಡೆ ನೋಡುತ್ತಾ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ತಡವಾದರೂ ಪೂಜೆ ನಡೆಯಿತು. ಅತ್ತೆ ಕೊರಳಿನ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ನಾನು ಅಗ್ಗಣಿ ತಂದಿಟ್ಟೆ. ಲಿಂಗಕ್ಕೆಂದು ಬೇರೆಯಾಗಿ ತಂದಿಡುವ ನೀರಿಗೆ ನಮ್ಮಲ್ಲಿ ಹಾಗೆನ್ನುತ್ತೇವೆ. ಅತ್ತೆ ಲಿಂಗಕ್ಕೆ ನೀರೆರೆದು, ವಿಭೂತಿ ಧರಿಸಿ, ಪತ್ರೆ ಏರಿಸಿ, ಕೊನೆಗೆ ಬಟ್ಟಲು ತುಂಬಿದ ತೀರ್ಥವನ್ನು ಎರಡು ಕೈಯಲ್ಲಿ ಎತ್ತಿ ಕುಡಿಯಹೊರಟರು.

ನನ್ನ ಕೈ ತಾನಾಗಿ ಮುಂದೆ ಹೋಗಿ ಬಟ್ಟಲು ಹಿಡಿಯಿತು.

ಅಗ್ಗಣಿ ನಮ್ಮ ಹಿತ್ತಲಿನ ಬಾವಿಯದು. ಎಲ್ಲೆಲ್ಲೋ ಪೈಪಿನಲ್ಲಿ ಸುತ್ತಿ ಬಂದ ನಲ್ಲಿ ನೀರು ಲಿಂಗಕ್ಕೆ ಬೇಡ ಎಂಬುದು ಅತ್ತೆಯ ನೇಮ. ಅದನ್ನು ಕಾಯಿಸುವುದೂ ಇಲ್ಲ. ಒಲೆ ಮೇಲೆ ಏರಿದ್ದು ಎಂಜಲು ಮುಸುರೆಯ ಸಹವಾಸಕ್ಕೆ ಬಂದ ಹಾಗೆ ಎನ್ನುತ್ತಿದ್ದರು. ನಾವೆಲ್ಲ ಉದ್ಧರಣೆಯ ಪುಟ್ಟ ಚಮಚದಲ್ಲಿ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಳ್ಳುತ್ತೇವೆ. ಅತ್ತೆ ಮಾತ್ರ ಬಟ್ಟಲು ತುಂಬ, ದಿನಕ್ಕೆ ಎರಡು ಸಲ, ಸೋಮವಾರ ಮೂರು ಸಲ. ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ ಬಾವಿಯೇ ಇಲ್ಲ. ಅಲ್ಲಿ ಗತಿಯಿಲ್ಲದೆ ಶುದ್ಧ ಮಾಡಿ ಬಿಡುವ ನಲ್ಲಿ ನೀರಿನಲ್ಲೇ ಪೂಜೆ.

"ಬಿಡೇ. ಹುಚ್ಚು ಹಿಡೀತಾ ನಿಂಗೆ?" ಎಂದರು ಅತ್ತೆ.

"ಅತ್ತೆ, ಇದೊಂದೇ ನಾನು ಕಾಯಿಸ್ದೆ ಇರೋ ನೀರು."

ಅವರಿಗೆ ಅರ್ಥವಾಗಲು ಕ್ಷಣ ಬೇಕಾಯಿತು. ಆಮೇಲೆ ಬಂದ ದನಿ ಕಾಯಿಲೆಯವರದಾಗಿರಲಿಲ್ಲ. "ನನ್ನ ಲಿಂಗದ ನೀರಿನಲ್ಲಿ ಹುಳ ಅಂತೀಯಾ? ನಿನ್ನ ಅಡುಗೆ ಮೇಲೆ ಮಾತು ಬಂತು ಅಂತ ತೀರ್ಥದ ಮೇಲೆ ಹಾಕ್ತೀಯಾ?"

ನಾದಿನಿ ಬಾಗಿಲಲ್ಲಿ ನಿಂತಿದ್ದಳು. "ಅಮ್ಮ ನಲವತ್ತು ವರ್ಷದಿಂದ ಇದೇ ಬಾವಿ ನೀರು ಕುಡೀತಿದಾರೆ ಅತ್ತಿಗೆ," ಎಂದಳು.

"ಗೊತ್ತು. ಹಿಂದಿನ ಸೈಟಿನವರು ಈ ಬೇಸಿಗೇಲಿ ಪಾಯಿಖಾನೆ ಗುಂಡಿ ತೋಡಿದ್ದು ಎಲ್ಲಿ ಅಂತ ನೋಡಿದೀಯಾ? ನಮ್ಮ ಕಾಂಪೌಂಡಿಗೆ ಅಂಟಿಕೊಂಡು, ಬಾವಿ ಬೆನ್ನಿಗೆ." ಧೂಳು ಬರುತ್ತದೆಂದು ನಾನೇ ಮುಚ್ಚಿದ್ದ ಕಿಟಕಿಯಿಂದ ನೋಡಿದರೆ ಅದು ಕಾಣುತ್ತಿತ್ತು.

ಅತ್ತೆ ನನ್ನ ಕೈಯಿಂದ ಬಟ್ಟಲು ಬಿಡಿಸಿಕೊಂಡು ಕುಡಿದೇಬಿಟ್ಟರು. ಮಾತ್ರೆಯನ್ನು ಮಾತ್ರ ಮುಟ್ಟಲಿಲ್ಲ. "ಬಾವೀದೇನೂ ತಪ್ಪಿಲ್ಲ ಅಂತ ನೀನು ಒಪ್ಪೋವರೆಗೂ ನುಂಗಲ್ಲ," ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಒಪ್ಪಿಬಿಟ್ಟರೆ ಮಾತ್ರೆ ಹೊಟ್ಟೆಗೆ ಹೋಗುತ್ತಿತ್ತು. ಅದರ ಹಿಂದೆಯೇ ಬಾವಿಯ ನೀರೂ ಹೋಗುತ್ತಿತ್ತು. ನಾನು ಒಪ್ಪಲಿಲ್ಲ. ಡಾಕ್ಟ್ರಮ್ಮನ ಹತ್ತಿರ ಓಡಿದೆ. ಅವರು ಬೀರುವಿನಿಂದ ಎರಡು ಪುಟ್ಟ ಗಾಜಿನ ಬಾಟಲಿ ಕೊಟ್ಟರು. ಒಳಗೆ ಔಷಧಿ ಹೀರಿಸಿ ಒಣಗಿಸಿದ ಕಾಗದ. ನೀರು ತುಂಬಿ ಬೆಚ್ಚಗಿಡಬೇಕು, ಮಲದ ಸಂಪರ್ಕವಿದ್ದರೆ ನೀರು ಕಪ್ಪಾಗುತ್ತದೆ, ಇಲ್ಲದಿದ್ದರೆ ಹಾಗೇ ಇರುತ್ತದೆ.

ಎರಡನ್ನೂ ಅತ್ತೆಯ ಮಂಚದ ಪಕ್ಕಕ್ಕೆ ತಂದೆ. ನಾನು ತುಂಬಿದರೆ ನಂಬುತ್ತಾರೆಯೇ? "ನೀನೇ ತುಂಬು," ಎಂದು ನಾದಿನಿಯ ಕೈಗೆ ಕೊಟ್ಟೆ. ಅವಳೇ ಬಾವಿಯಿಂದ ಸೇದಿ ಒಂದಕ್ಕೆ ತುಂಬಿದಳು. ಇನ್ನೊಂದಕ್ಕೆ ನಾನು ಕಾಯಿಸಿ ಇಟ್ಟಿದ್ದ ಕುಡಿಯುವ ನೀರು. ನನ್ನ ಮೇಲಿನ ಅನುಮಾನಕ್ಕೂ ಒಂದು ಪರೀಕ್ಷೆ ಆಗಲಿ ಎಂದೇ ಹಾಗೆ ಮಾಡಿದ್ದು. ಬಾವಿಯ ಬಾಟಲಿಯ ಕುತ್ತಿಗೆಗೆ ಅವಳು ಕೆಂಪು ದಾರ ಕಟ್ಟಿದಳು. ಎರಡನ್ನೂ ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಡಬ್ಬವನ್ನು ಒಲೆಯ ಪಕ್ಕಕ್ಕೆ ಸರಿಸಿದೆವು.

ಅವತ್ತು ರಾತ್ರಿ ನಾದಿನಿ ಭದ್ರಾವತಿಗೆ ಹೋಗಲಿಲ್ಲ. ಅಡುಗೆಮನೆಯಲ್ಲೇ ಚಾಪೆ ಹಾಸಿಕೊಂಡಳು. ಕಾವಲಿಗೆ ಎಂದು ನನಗೆ ಗೊತ್ತಿತ್ತು. ಇರಲಿ, ಸಾಕ್ಷಿಗಾಯಿತು ಎಂದುಕೊಂಡೆ.

ಮಾರನೇ ದಿನ ಅವಳೇ ಅಕ್ಕಿಯೊಳಗೆ ಕೈ ಹಾಕಿ ತೆಗೆದಳು. ಒಂದು ಬಾಟಲಿ ತಿಳಿಯಾಗಿತ್ತು. ಕೆಂಪು ದಾರದ್ದು ಕಾಡಿಗೆ ಕರಗಿಸಿದ ಹಾಗೆ ಕಪ್ಪಾಗಿತ್ತು.

ನಾದಿನಿ ಎರಡನ್ನೂ ತೆಗೆದುಕೊಂಡು ಹೋಗಿ ಅಮ್ಮನ ಎದುರು ಹಿಡಿದಳು. ಅತ್ತೆ ಕನ್ನಡಕ ಹಾಕಿಕೊಂಡು ಕಪ್ಪು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ. ಇಲ್ಲವೇ ತಮ್ಮ ಹೊಟ್ಟೆಯನ್ನು ನೆನೆದು ಅಳುತ್ತಾರೆ ಎಂದುಕೊಂಡಿದ್ದೆ.

"ಇದನ್ನಾ ನಾನು ಲಿಂಗದ ಮೇಲೆ ಎರೆದದ್ದು?" ಎಂದರು. "ಮಳೆಗಾಲ ಪೂರ್ತಿ, ಇದನ್ನಾ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಹತ್ತಿರ ಕುಳಿತೆ. "ಅವನು ವಿಷ ಕುಡಿದವನು ಅತ್ತೆ. ಅವನಿಗೆ ಏನೂ ಆಗಲ್ಲ. ನಿಮಗೆ ತಡೆಯಲ್ಲ, ಅಷ್ಟೇ. ಮಾತ್ರೆ ತಗೊಳ್ಳಿ."

ಬಾಯಿ ತೆರೆದರು. ಹಳೇ ಬೀಗದ ರುಚಿಗೆ ಮುಖ ಹಿಂಡಿದರು, ಉಗುಳಲಿಲ್ಲ. ಆ ಮಾತ್ರೆ ಮುಗಿದ ಮೇಲೆ, ಒಳಗೆ ಗೂಡು ಕಟ್ಟಿ ಉಳಿದ ಅಮೀಬಾವನ್ನು ಕೊಲ್ಲಲು ಇನ್ನೊಂದು ಮಾತ್ರೆ. ಡಾಕ್ಟ್ರಮ್ಮ ಮನೆಮಂದಿಗೆಲ್ಲ ಪರೀಕ್ಷೆ ಮಾಡಿಸಿದರು. ಒಂದು ಹನಿಯಷ್ಟೇ ತೀರ್ಥ ತೆಗೆದುಕೊಳ್ಳುವ ನಮ್ಮವರ ಹೊಟ್ಟೆಯಲ್ಲೂ ಆ ಗೂಡು ಸಿಕ್ಕಿತು. ಅಲ್ಲಿವರೆಗೆ ಹೊಟ್ಟೆ ಕೆಟ್ಟಾಗೆಲ್ಲ ಆಫೀಸಿನ ಕ್ಯಾಂಟೀನನ್ನು ಬೈಯುತ್ತಿದ್ದವರು ತೆಪ್ಪಗಾದರು.

ಅಗ್ಗಣಿಯನ್ನು ಕಾಯಿಸಲು ಹೊಸ ತಾಮ್ರದ ತಂಬಿಗೆ ತಂದೆ. ಬೇರೆ ಯಾವುದಕ್ಕೂ ಅದನ್ನು ಮುಟ್ಟಿಸುವುದಿಲ್ಲ. ಒಲೆಯನ್ನು ತೊಳೆದು, ವಿಭೂತಿ ಇಟ್ಟು, ಸ್ನಾನವಾದ ಮೇಲೆಯೇ ಏರಿಸುತ್ತೇನೆ. ಅತ್ತೆ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಒಂದು ದಿನ ಪೂಜೆಗೆ ಕೂತವರು ತಂಬಿಗೆಗೆ ಬೆರಳ ಹಿಂಬದಿ ತಾಗಿಸಿ ನೋಡಿ, "ಸರಿಯಾಗಿ ಆರಿಸಿದೀಯಾ? ಲಿಂಗಕ್ಕೆ ಬಿಸಿಯಾದೀತು," ಎಂದರು. ಅಲ್ಲಿಗೆ ಒಪ್ಪಿದ ಹಾಗೆ.

ಮಳೆ ನಿಂತ ಮೇಲೆ ಕೊನೆಯ ಸಲ ಲ್ಯಾಬಿಗೆ ಹೋದೆವು. ಲ್ಯಾಬಿನಾಕೆ ಕಪ್ಪು ಹಲಗೆ ಆಡಿಸಿದಳು. ಹಾಲು ಹಾಲಾಗಿಯೇ ಉಳಿಯಿತು. ಇನ್ನಷ್ಟು ಹೊತ್ತು ಆಡಿಸು ಎಂದೆ. ಆಡಿಸಿದಳು. ಒಡೆಯಲಿಲ್ಲ. ಇಎಸ್‌ಆರ್ ಇನ್ನೂ ಕೊಂಚ ಹೆಚ್ಚೇ ಇತ್ತು. ಅದು ನಿಧಾನಕ್ಕೆ ಕೂರುತ್ತದೆ ಎಂಬುದು ನನಗೆ ಗೊತ್ತಿತ್ತು.

ಮುಂದಿನ ಸೋಮವಾರ ನಾದಿನಿ ಬಂದಳು. ಕೈಯಲ್ಲಿ ಕ್ಯಾರಿಯರ್ ಇರಲಿಲ್ಲ, ಬಾಟಲಿಯೂ ಇರಲಿಲ್ಲ. ಒಂದು ಮೊಳ ಮಲ್ಲಿಗೆ ಇತ್ತು. ಪೂಜೆಯಾಗಿ ತೀರ್ಥ ಕೊಡುವಾಗ ಅಂಗೈ ಒಡ್ಡಿದವಳು ಉದ್ಧರಣೆ ನೋಡಿ ತಡೆದಳು. ಕಣ್ಣು ಒಮ್ಮೆ ಹಿತ್ತಲ ಕಡೆ ಹೋಯಿತು.

ಅತ್ತೆ ಅವಳ ಅಂಗೈಯನ್ನು ತಾವೇ ಎಳೆದು ಹಿಡಿದು ನೀರು ಬಿಟ್ಟರು.

"ಕುಡಿಯೇ, ಏನೂ ಆಗಲ್ಲ. ನಿಮ್ಮತ್ತಿಗೆ ಕೈಯಾರ ಕಾಯಿಸಿದ್ದು."